ಹದಿನಾಲ್ಕನೇ ಪ್ರೋಗ್ರಾಮು

ನನಗೊಂದು ಚಟವಿದೆ. ಕೈಗೆ ಯಾವ ಕಾಗದದ ಕಟ್ಟು ಸಿಕ್ಕರೂ, ಉತ್ತರ ಪತ್ರಿಕೆಯಾಗಲಿ, ಹಾಜರಿ ಚೀಟಿಯಾಗಲಿ, ಯಾರದೋ ಮನೆಯ ಲಗ್ನಪತ್ರಿಕೆಗಳಾಗಲಿ, ಮೊದಲು ಅದನ್ನು ಎರಡು ಪಾಲು ಮಾಡುತ್ತೇನೆ. ಒಂದು ಪಾಲನ್ನು ಬದಿಗಿಟ್ಟು ಇನ್ನೊಂದನ್ನು ಮತ್ತೆ ಎರಡು ಮಾಡುತ್ತೇನೆ. ಹೀಗೆ ಮಾಡುತ್ತ ಮಾಡುತ್ತ ಮೇಜಿನ ತುಂಬ ಕಾಗದದ ಗುಡ್ಡೆಗಳಾಗಿ, ಪಕ್ಕದಲ್ಲಿ ಕುಳಿತವರು ತಮ್ಮ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಕುಡಿಯಬೇಕಾಗುತ್ತದೆ. ಕುಷ್ಟಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಬಗ್ಗೆ ಸ್ಟಾಫ್ ರೂಮಿನಲ್ಲಿ ಇರುವ ದೂರು ಇದೊಂದೇ ಎಂದು ಹೇಳಲಾರೆ, ಆದರೆ ಬಾಯಿಬಿಟ್ಟು ಹೇಳುವ ದೂರು ಇದೊಂದೇ. ನಮ್ಮ ಜವಾನ ಹನಮಪ್ಪ ಮೊನ್ನೆ ಬಾಗಿಲಲ್ಲಿ ನಿಂತು ಕೂಗಿಯೇ ಬಿಟ್ಟ: "ಮೇಡಮ್ಮಾರು ಇಸ್ಪೀಟು ಕಲಸಾಕತ್ತಾರ. ಆಡೋರು ಯಾರ್ಯಾರದೀರಿ, ಬರ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ನನಗೆ ಎಲ್ಲಿಂದ ಅಂಟಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುವುದೂ ಕಷ್ಟವಿತ್ತು. ಯಾಕೆಂದರೆ ಅದು ಒಬ್ಬ ಹುಡುಗಿಗೆ ನಾನು ತುಂಬಿದ ಕ್ಲಾಸಿನಲ್ಲಿ ಅವಮಾನ ಮಾಡಿದ ಕಥೆ. ನೀವು ನನ್ನ ಸ್ಟಾಫ್ ರೂಮಿನವರಲ್ಲವಲ್ಲ, ನಿಮಗೆ ಹೇಳಬಹುದು.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿಯ ತನಕ ರಾಯಚೂರಿನ ಬಾಲ ಹಿಡಿದುಕೊಂಡು ಓಡಾಡುತ್ತಿದ್ದ ನಾವು ರಾತ್ರಿ ಕಳೆಯುವುದರೊಳಗೆ ಜಿಲ್ಲೆಯವರಾದೆವು. ಚಹಾದಂಗಡಿಗಳೂ ತಮ್ಮ ಹೆಸರಿನ ಹಿಂದೆ ಜಿಲ್ಲೆ ಎಂಬ ಪದ ಅಂಟಿಸಿಕೊಂಡವು. ಅದೇ ಹೊತ್ತಿಗೆ ನಾನು ಬಿಎಸ್ಸಿ ಮುಗಿಸಿ ಗಂಗಾವತಿಯ ಮನೆಯಲ್ಲಿ ಕುಳಿತಿದ್ದೆ. ನಮ್ಮಪ್ಪ ಅಕ್ಕಿ ಗಿರಣಿಯೊಂದರಲ್ಲಿ ಕಾರಕೂನರು. ಹೆಣ್ಣು ನೋಡಲು ಬರುತ್ತಿದ್ದ ಗಂಡಿನವರು ಉಪ್ಪಿಟ್ಟು ತಿಂದು, ಕೈ ಒರೆಸಿಕೊಂಡು, ಮೊದಲೆಲ್ಲ "ಹಾಡು ಬರ್ತೈತೇನು?" ಎಂದು ಕೇಳುತ್ತಿದ್ದರಂತೆ. ನನ್ನ ಕಾಲಕ್ಕೆ ಆ ಪ್ರಶ್ನೆ ಬದಲಾಗಿತ್ತು. "ಕಂಪ್ಯೂಟರ್ ಬರ್ತೈತೇನು?" ಎಂದು ಕೇಳುತ್ತಿದ್ದರು. ಕೇಳಿದವನಿಗೆ ಅದು ಬರುತ್ತಿತ್ತು ಎಂದಲ್ಲ. ಒಬ್ಬನಂತೂ ಕೀಬೋರ್ಡನ್ನೇ ಕಂಪ್ಯೂಟರ್ ಅಂದುಕೊಂಡಿದ್ದ. ಆದರೂ ಕೇಳುತ್ತಿದ್ದರು.

ಅವ್ವ ತಡಮಾಡದೆ ನನ್ನನ್ನು ಆರು ತಿಂಗಳ ಕೋರ್ಸಿಗೆ ಸೇರಿಸಿದಳು. ಗಿರಣಿಯ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಒಂದು ಕೋಣೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ಕಾಲೊರೆಸಿಗೆ ಕಾಲು ಉಜ್ಜಬೇಕು, ಉಸಿರು ಹಿಡಿದು ಒಳಗೆ ಹೋಗಬೇಕು. ಧೂಳು ಬಿದ್ದರೆ ಕಂಪ್ಯೂಟರ್ ಸತ್ತುಹೋಗುತ್ತದೆ ಎಂದು ನಮ್ಮ ಸರ್ ಹೆದರಿಸಿದ್ದರು. ಗಂಗಾವತಿಯಲ್ಲಿ! ಭತ್ತದ ಹೊಟ್ಟಿನ ಬೂದಿ ಒಣಗಲು ಹಾಕಿದ ಸೀರೆಯ ಮೇಲೆ, ಹಪ್ಪಳದ ಮೇಲೆ, ಮಾತಾಡಲು ತೆರೆದ ಬಾಯಿಯೊಳಗೆ ಬೀಳುವ ಊರಿನಲ್ಲಿ! ಕಂಪ್ಯೂಟರುಗಳು ಮಾತ್ರ ಮದುವೆ ಹೆಣ್ಣಿನಂತೆ ಮುಸುಕು ಹೊದ್ದು ಕುಳಿತಿರುತ್ತಿದ್ದವು. ಸರ್ ಬಂದು ಮುಸುಕು ತೆಗೆದು ಊದುಬತ್ತಿ ಬೆಳಗಿದ ಮೇಲೆಯೇ ನಮಗೆ ದರ್ಶನ.

ಸರ್ ನೋಟ್ಸು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಅವರು ಅದನ್ನು ಹೊಸಪೇಟೆಯಲ್ಲಿ ಒಬ್ಬರಿಂದ ಬರೆದುಕೊಂಡಿದ್ದರು. ಆ ಒಬ್ಬರು ಬಳ್ಳಾರಿಯಲ್ಲಿ ಇನ್ನೊಬ್ಬರಿಂದ. ಈ ಸರಪಳಿಯ ಆ ತುದಿಯಲ್ಲಿ ನಿಜಕ್ಕೂ ವಿಷಯ ತಿಳಿದವರು ಯಾರೋ ಇದ್ದಿರಬೇಕು. ನಮ್ಮ ತನಕ ಬಂದು ತಲುಪಿದ್ದು ಅವರ ನೋಟ್ಸು ಮಾತ್ರ. ಅದರಲ್ಲಿ ಸಿ ಭಾಷೆಯ ಇಪ್ಪತ್ತು ಪ್ರೋಗ್ರಾಮುಗಳಿದ್ದವು. ನಾನು ಚಿಕ್ಕಂದಿನಲ್ಲಿ ಮಗ್ಗಿ ಉರು ಹೊಡೆದ ಹಾಗೆ ಇಪ್ಪತ್ತನ್ನೂ ಬಾಯಿಪಾಠ ಮಾಡಿ, ಅರ್ಧವಿರಾಮ ಚಿಹ್ನೆಯೊಂದೂ ತಪ್ಪದೆ ಒಪ್ಪಿಸಿ, ಮೊದಲ ದರ್ಜೆಯಲ್ಲಿ ಪಾಸಾದೆ. ಮದುವೆ ಗೊತ್ತಾಗಲಿಲ್ಲ. ಅದರ ಬದಲು ಕೊಪ್ಪಳದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು.

ಐದು ಕಂಪ್ಯೂಟರು, ಹದಿನೆಂಟು ವಿದ್ಯಾರ್ಥಿಗಳು, ಒಬ್ಬಳು ಮೇಡಂ. ನನಗೂ ಅವರಿಗೂ ವಯಸ್ಸಿನಲ್ಲಿ ಐದಾರು ವರ್ಷದ ಅಂತರ. ಅದನ್ನು ಮುಚ್ಚಲು ನಾನು ಗಂಟು ಹಾಕಿದ ಮುಖ ಹೊತ್ತು ಓಡಾಡುತ್ತಿದ್ದೆ. ಯಾರಾದರೂ ಪ್ರಶ್ನೆ ಕೇಳಿದರೆ "ಅದು ಮುಂದಿನ ಸೆಮಿಸ್ಟರಿನ್ಯಾಗ ಬರ್ತೈತಿ" ಎನ್ನುತ್ತಿದ್ದೆ. ಕಂಪ್ಯೂಟರು ಕೆಟ್ಟು ನಿಂತರೆ "ವೈರಸ್ ಬಂದೈತಿ" ಎನ್ನುತ್ತಿದ್ದೆ. ಈ ಎರಡು ವಾಕ್ಯಗಳ ಬಲದಿಂದ ಒಂದೂವರೆ ವರ್ಷ ಮರ್ಯಾದೆಯಿಂದ ಬದುಕಿದೆ.

ನನ್ನ ಪಾಠದ ವಿಧಾನವೂ ನನ್ನ ಗುರುಗಳದ್ದೇ. ನಾನು ಹೇಳುವುದು, ಅವರು ಒಟ್ಟಾಗಿ ಹೇಳುವುದು. ಕಾರಿಡಾರಿನಲ್ಲಿ ಹೋಗುವ ಪ್ರಿನ್ಸಿಪಾಲರಿಗೆ ಅದು ಭಾಳ ಇಷ್ಟವಾಗಿತ್ತು. ಇತಿಹಾಸದವರ ಕ್ಲಾಸಿನಲ್ಲಿ ಗದ್ದಲ, ನಮ್ಮ ಕ್ಲಾಸಿನಲ್ಲಿ ಪ್ರಾರ್ಥನೆ.

ಹೀಗೇ ಹದಿಮೂರು ಪ್ರೋಗ್ರಾಮು ದಾಟಿ ಹದಿನಾಲ್ಕಕ್ಕೆ ಬಂದೆವು. ಅದರ ಹೆಸರು ಮರ್ಜ್ ಸಾರ್ಟ್. ಅಡ್ಡಾದಿಡ್ಡಿ ಬಿದ್ದಿರುವ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸುವ ಪ್ರೋಗ್ರಾಮು. ಐದು ಸಾಲಿನ ಪುಟ್ಟ ಮಂತ್ರ: "ಇಫ್ ಲೋ ಲೆಸ್ ದ್ಯಾನ್ ಹೈ. ಮಿಡ್ ಈಕ್ವಲ್ ಟು ಲೋ ಪ್ಲಸ್ ಹೈ ಬೈ ಟು. ಸಾರ್ಟ್ ಲೋ ಟು ಮಿಡ್. ಸಾರ್ಟ್ ಮಿಡ್ ಪ್ಲಸ್ ಒನ್ ಟು ಹೈ. ಮರ್ಜ್." ಲೋ ಎಂದರೆ ರಾಶಿಯ ಮೊದಲು, ಹೈ ಎಂದರೆ ಕೊನೆ. ಅಂದರೆ ರಾಶಿಯ ನಡು ಎಲ್ಲಿದೆ ನೋಡು, ಮೊದಲರ್ಧವನ್ನು ಸಾಲು ಮಾಡು, ಉಳಿದರ್ಧವನ್ನು ಸಾಲು ಮಾಡು, ಎರಡನ್ನೂ ಕೂಡಿಸು. ಹೇಗೆ ಸಾಲು ಮಾಡಬೇಕು ಎಂದರೆ, ಈ ಪ್ರೋಗ್ರಾಮನ್ನೇ ಮತ್ತೆ ಕರೆ. ಆ ಮೊದಲ ಸಾಲು, "ಇಫ್" ಎಂಬುದು, ಯಾತಕ್ಕಿದೆಯೋ ನನಗೆ ತಿಳಿದಿರಲಿಲ್ಲ. ಪತ್ರದ ತಲೆಯ ಮೇಲೆ ಶ್ರೀ ಬರೆಯುತ್ತಾರಲ್ಲ, ಅಂಥದ್ದೇನೋ ಇರಬೇಕು ಎಂದುಕೊಂಡಿದ್ದೆ. ಅದನ್ನು ಬರೆಯಲು ಮರೆತವರ ಕಂಪ್ಯೂಟರು ಮಿಸುಕಾಡದೆ ನಿಂತುಬಿಡುತ್ತಿತ್ತು. ವೈರಸ್.

ಆ ದಿನ ಎರಡನೇ ಬೆಂಚಿನಿಂದ ಶಾಹೀನ ಎದ್ದು ನಿಂತಳು. ಭಾಗ್ಯನಗರದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಖಾದರಸಾಬರ ಮಗಳು. ಸಣ್ಣ ದನಿ, ದೊಡ್ಡ ಕಣ್ಣು.

"ಮೇಡಂ, ಒಂದು ಸಂಶಯರಿ. ಕೆಲಸ ಮಾಡು ಅಂತ ಇದನ್ನ ಕರದ್ವಿ. ಇದು ತಾ ಮಾಡೋದು ಬಿಟ್ಟು ಮತ್ತ ತನ್ನನ್ನ ತಾನ ಕರೀತೈತಿ. ತನ್ನನ್ನ ತಾನ ಕರಕೊಂಡ್ರ ಬರೋರು ಯಾರ್ರಿ?"

ಇಂಥ ಪ್ರಶ್ನೆಯನ್ನು ನನ್ನ ಗುರುಗಳಾಗಲಿ, ಹೊಸಪೇಟೆಯವರಾಗಲಿ, ಬಳ್ಳಾರಿಯವರಾಗಲಿ ಕೇಳಿರಲಿಲ್ಲ. ನೋಟ್ಸಿನಲ್ಲೂ ಇರಲಿಲ್ಲ. ನನ್ನ ಕಿವಿ ಬಿಸಿಯಾದವು. "ಮುಂದಿನ ಸೆಮಿಸ್ಟರಿನ್ಯಾಗ ಬರ್ತೈತಿ" ಎಂದೆ.

"ಇದು ಈ ಸೆಮಿಸ್ಟರಿನ್ಯಾಗ ಐತಲ್ರಿ ಮೇಡಂ?"

ಯಾರೋ ಕಿಸಕ್ಕೆಂದರು. ಆ ನಗು ನನ್ನ ಮೇಲಿನದೋ ಅವಳ ಮೇಲಿನದೋ ನೋಡುವ ವ್ಯವಧಾನ ನನಗಿರಲಿಲ್ಲ. "ಅಪ್ಪನ ಅಂಗಡ್ಯಾಗ ಅಂಟು ಹಚ್ಚಿಕೋತ ಕುಂತಿದ್ರ ಇಷ್ಟು ತಲಿ ಓಡಸೋ ಕೆಲಸ ಇರ್ತಿದ್ದಿಲ್ಲ ನೋಡು ನಿನಗ" ಎಂದುಬಿಟ್ಟೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಶಾಹೀನಳೂ ಒಂದು ಕ್ಷಣ ಅವರ ಜೊತೆ ನಗಲು ನೋಡಿದಳು. ತುಟಿ ಅಷ್ಟು ದೂರ ಹೋಗಲಿಲ್ಲ. ಕುಳಿತು, ಪುಸ್ತಕ ಮುಚ್ಚಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಪಶ್ಚಾತ್ತಾಪ ತಡೆಯಲಾರದೆ ನಾನು ಅವಳ ಮನೆ ಹುಡುಕಿಕೊಂಡು ಹೋದೆ ಎಂದು ಬರೆಯುವ ಆಸೆ ಬಹಳವಿದೆ. ನಿಜ ಹೇಳಬೇಕೆಂದರೆ ಎಂಟು ದಿನವಾದ ಮೇಲೆ ಪ್ರಿನ್ಸಿಪಾಲರು ಕರೆದು, "ಆ ಬೈಂಡಿಂಗ್ ಹುಡುಗಿ ಯಾಕ ಬರವಲ್ಲಳು? ಪರೀಕ್ಷಾಕ್ಕ ಹದಿನೆಂಟು ಹೆಸರು ಕಳಿಸೇವಿ. ಹದಿನೇಳು ಮಂದಿ ಕುಂತ್ರ ನಮ್ಮ ಕಾಲೇಜಿಗೆ ಶೋಭಾ ಅಲ್ಲ. ಹೋಗಿ ಕರಕೊಂಡು ಬರ್ರಿ" ಎಂದರು. ಪ್ರಿನ್ಸಿಪಾಲರಿಗೆ ಶೋಭೆಯ ಚಿಂತೆ. ನನಗೆ, ಆ ಹುಡುಗಿ ಯಾಕೆ ಬಿಟ್ಟಳೆಂದು ಅವರಿಗೆ ಗೊತ್ತಾದರೆ ಎಂಬ ಚಿಂತೆ. ಆ ಶನಿವಾರ ಮಧ್ಯಾಹ್ನವೇ ಭಾಗ್ಯನಗರಕ್ಕೆ ಆಟೋ ಹತ್ತಿದೆ. ದಾರಿಯುದ್ದಕ್ಕೂ, ಕ್ಷಮೆ ಕೇಳಿದಂತೆಯೂ ಆಗಬೇಕು ಕೇಳದಂತೆಯೂ ಇರಬೇಕು, ಅಂಥ ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದೆ.

ಅದನ್ನು ಒಪ್ಪಿಸುವ ಅವಕಾಶವೇ ಸಿಗಲಿಲ್ಲ. ಮನೆಯ ಮುಂಗಡೆಯ ಕೋಣೆಯೇ ಅಂಗಡಿ. ಮೈದಾ ಅಂಟಿನ ಹುಳಿ ವಾಸನೆ. ಚಾಪೆಯ ನಡುವೆ ಹಳದಿ ಹಾಳೆಗಳ ದೊಡ್ಡದೊಂದು ರಾಶಿ. ಅದರ ಒಂದು ಬದಿ ಖಾದರಸಾಬರು, ಅವರ ಹೆಂಡತಿ ಹಾಗೂ ಶಾಹೀನ. ಇನ್ನೊಂದು ಬದಿ ತಲೆಗೆ ಕೈ ಹೊತ್ತು ಕುಳಿತ ಒಬ್ಬ ದಪ್ಪನೆಯ ಹಿರಿಯರು.

"ಬರ್ರಿ ಮೇಡಂ, ಕುಂದರ್ರಿ" ಎಂದರು ಖಾದರಸಾಬರು, ತಲೆ ಎತ್ತಿದ್ದು ಅಷ್ಟೇ. ಶಾಹೀನ ತಲೆಯನ್ನೂ ಎತ್ತಲಿಲ್ಲ.

ಆ ಹಿರಿಯರು ಬಸಯ್ಯನವರು, ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಪುರಾಣ ಓದುವವರು. ತಮ್ಮ ದುಃಖವನ್ನು ಹೊಸಬಳಾದ ನನಗೆ ಮೊದಲಿಂದ ಹೇಳಿದರು. ಅಜ್ಜನ ಕಾಲದ ಪುರಾಣ, ಮುನ್ನೂರಿಪ್ಪತ್ತು ಹಾಳೆ, ಆರುನೂರಾ ನಲವತ್ತು ಪುಟ. ದಾರ ಹರಿದು, ಗುಡಿಯ ಕಟ್ಟೆಯಿಂದ ಕೆಳಗೆ ಬಿದ್ದು, ಹಾಳೆಗಳೆಲ್ಲ ಕಲೆತುಹೋದವು. ಬಸಯ್ಯನವರು ಮಾನಕ್ಕಂಜಿ ಹೇಗೋ ಬಾಚಿ ಒಟ್ಟುಮಾಡಿ, ಸಿಕ್ಕ ಹಾಗೆ ಓದಿದರು. ಮೂರು ದಿನ ಓದಿದರು. ಮಂದಿ ಮೂರು ದಿನವೂ ಕೈ ಮುಗಿದು ಕೇಳಿದರು.

"ನಾಲ್ಕನೇ ದಿನ ರಾಕ್ಷಸಂದು ಮದಿವಿ ಬಂತ್ರಿ ಮೇಡಂ. ನಾ ರಾಗ ಎತ್ತೀನಿ, ಮುಂದ ಕುಂತ ಮುದುಕಿ ಅಂತಾಳ, 'ಎಲೋ ಬಸಯ್ಯಾ, ಅವ ನಿನ್ನಿ ಸತ್ತಿದ್ನಲ್ಲೋ? ಸುಡಲಾರ್ದ ಮದಿವಿ ಮಾಡಾಕ ಹೊಂಟಿರೇನು?' ಅಂತ. ಮಂದಿ ಬಿದ್ದು ಬಿದ್ದು ನಕ್ಕರು. ನಾಡಿದ್ದು ಸೋಮವಾರ, ಪುಸ್ತಕ ಸರಿಮಾಡಿಕೊಂಡ ಬಾ ಅಂದಾರ. ಹ್ಯಾಂಗ ಬರ್ಲಿರಿ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದಕ್ಕಿಂತ ಬೇರೊಂದು ತಡೆಯಲಾಗಲಿಲ್ಲ. ಶಾಹೀನ ನನ್ನ ಕಡೆ ನೋಡುತ್ತಿಲ್ಲ. ಅವಳು ನೋಡುವಂತೆ ಏನಾದರೂ ಮಾಡಬೇಕು. "ಇದಕ್ಕ ಕಂಪ್ಯೂಟರಿನ್ಯಾಗ ಒಂದು ಪದ್ಧತಿ ಐತ್ರಿ. ನಾ ಹೇಳ್ತೀನಿ, ನೀವು ಹಂಗ ಮಾಡ್ರಿ" ಎಂದೆ. ಖಾದರಸಾಬರು ಏನೋ ಹೇಳಲು ಬಾಯಿ ತೆರೆದವರು, ಗೌರವಕ್ಕೆ ಮುಚ್ಚಿಕೊಂಡರು.

ನಾನು ಕಣ್ಣು ಮುಚ್ಚಿ ಹದಿನಾಲ್ಕನೇ ಪ್ರೋಗ್ರಾಮನ್ನು ಮನಸ್ಸಿನಲ್ಲಿ ಹೇಳಿಕೊಂಡು ಕನ್ನಡ ಮಾಡಿದೆ. ಇಫ್ ಸಾಲನ್ನು ಬಿಟ್ಟೆ. ಶ್ರೀಕಾರವನ್ನು ಇವರಿಗೆ ಯಾಕೆ ಹೇಳುವುದು?

"ರಾಶಿನ ಅರ್ಧಾ ಮಾಡ್ರಿ. ಎರಡೂ ಅರ್ಧಾನ ಇಬ್ಬರಿಗೆ ಕೊಡ್ರಿ. ಅವರು ಸಾಲು ಮಾಡಿ ತಿರುಗಿ ಕೊಡ್ತಾರ. ಆಮ್ಯಾಲೆ ಎರಡನ್ನೂ ಕೂಡಸ್ರಿ."

"ಅವರು ಹ್ಯಾಂಗ ಸಾಲು ಮಾಡಬೇಕ್ರಿ?" ಎಂದರು ಬಸಯ್ಯನವರು.

"ಹಿಂಗ. ಅರ್ಧಾ ಮಾಡಿ, ಮತ್ತಿಬ್ಬರಿಗೆ ಕೊಟ್ಟು."

ಖಾದರಸಾಬರು ರಾಶಿಯನ್ನು ಎರಡು ಮಾಡಿ ಹೆಂಡತಿಗೂ ಮಗಳಿಗೂ ಕೊಟ್ಟರು. ಹೆಂಡತಿ ತನ್ನ ಪಾಲನ್ನು ಎರಡು ಮಾಡಿ ಬಸಯ್ಯನವರಿಗೂ ನನಗೂ ಕೊಟ್ಟಳು. ಶಾಹೀನ ತನ್ನದನ್ನು ಎರಡು ಮಾಡಿ ಒಂದನ್ನು ಅಪ್ಪನ ಮುಂದೆ ಇಟ್ಟಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದಳು. ಕೋಣೆಯಲ್ಲಿ ಇದ್ದದ್ದು ಐದೇ ಮಂದಿ, ಅವರಲ್ಲೂ ಅವಳ ತಾಯಿ ಆಗಲೇ ಒಲೆಯ ಕಡೆಗೆ ಎದ್ದುಹೋಗಿದ್ದಳು.

"ಮಂದಿ ಮುಗದ್ರು. ಇದು ಯಾರಿಗ್ರಿ?" ಎಂದು ಕೇಳಿದಳು. ಎಂಟು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ನನ್ನ ಕೈಯಲ್ಲೂ ಎಂಬತ್ತು ಹಾಳೆ ಇದ್ದವು, ಕೊಡಲು ನನಗೂ ಯಾರೂ ಇರಲಿಲ್ಲ.

ಅವಳು ಆ ಪಾಲನ್ನು ಎರಡು ಮಾಡಿ, ಒಂದನ್ನು ಬದಿಗಿಟ್ಟು, ಹಾರಿಹೋಗದಂತೆ ಮೇಲೆ ದಾರದ ಉಂಡೆ ಇಟ್ಟಳು. ಕೈಯಲ್ಲಿ ಉಳಿದದ್ದನ್ನು ಮತ್ತೆ ಎರಡು ಮಾಡಿ, ಒಂದನ್ನು ಬದಿಗಿಟ್ಟು, ಮೇಲೆ ಅಂಟಿನ ಡಬ್ಬಿ ಇಟ್ಟಳು. ಮತ್ತೆ ಎರಡು, ಮೇಲೆ ಅಡಿಕೆ ಕತ್ತರಿ. ಅವಳ ಮೊಣಕಾಲಿನಿಂದ ಹೊಸ್ತಿಲಿನ ತನಕ ದೊಡ್ಡದು, ಅದಕ್ಕಿಂತ ಸಣ್ಣದು, ಅದಕ್ಕಿಂತ ಸಣ್ಣದು ಎಂದು ಗುಡ್ಡೆಗಳ ಸಾಲು ನಿಂತಿತು. ಅವಳ ಮುಖ ತಟ್ಟನೆ ಅರಳಿತು.

"ಮೇಡಂ! ಬರೋರು ನಾವರಿ! ನನ್ನನ್ನ ನಾ ಕರದ್ರ ನಾನ ಬರ್ತೀನಿ. ಆದ್ರ ಬಂದಾಕಿ ಕೈಯಾಗ ಹಾಳಿ ಕಮ್ಮಿ ಇರ್ತಾವು. ಕರದಾಕಿ ಇಲ್ಲಿ ಉಂಡಿ ಇಟ್ಟು ಕಾಯಕೋತ ಕುಂತಿರ್ತಾಳ. ಬಂದಾಕಿ ಮುಗಿಸಿ ಕೊಟ್ಟ ಮ್ಯಾಲೆ ಕರದಾಕಿ ಮುಂದಿಂದು ಹಿಡೀತಾಳ."

ನಾನು ಆ ಗುಡ್ಡೆಗಳ ಸಾಲನ್ನು ನೋಡಿದೆ. ಎರಡು ವರ್ಷ ಬಾಯಲ್ಲಿ ಇಟ್ಟುಕೊಂಡು ತಿರುಗಿದ ಐದು ಸಾಲುಗಳು ಚಾಪೆಯ ಮೇಲೆ ದಾರದ ಉಂಡೆ ಹೊತ್ತು ಕುಳಿತಿದ್ದವು. ಓಹೋ, ಇದಾ? ಎಂದು ನನಗೆ ಅನಿಸಿದ್ದನ್ನು ಹೊರಗೆ ತೋರಗೊಡದೆ, "ಹೌದು, ಅದ ಮತ್ತ" ಎಂದು ಗಂಭೀರವಾಗಿ ತಲೆಯಾಡಿಸಿದೆ.

ಅಷ್ಟರಲ್ಲಿ ಖಾದರಸಾಬರು ಕೇಳಿದರು. "ಮೇಡಂ, ನಂದು ಅರ್ಧಾ ಮಾಡಿ ಮಾಡಿ ಒಂದ ಹಾಳಿ ಉಳೀತ್ರಿ. ಇದನ್ನೂ ಅರ್ಧಾ ಮಾಡ್ಲಿರಿ?"

ನನ್ನ ತಲೆ ಇನ್ನೂ ಗುಡ್ಡೆಗಳಲ್ಲೇ ಇತ್ತು. "ಪದ್ಧತಿ ಹ್ಯಾಂಗೈತಿ ಹಂಗ ಮಾಡ್ರಿ" ಎಂದೆ.

ಖಾದರಸಾಬರು ದೊಡ್ಡ ಕತ್ತರಿ ಎತ್ತಿಕೊಂಡು ಹಾಳೆಯ ನಡುವೆ ಇಟ್ಟರು.

"ಏ ಸಾಬಾ!" ಬಸಯ್ಯನವರು ಅಷ್ಟು ದಪ್ಪ ಮೈ ಹೊತ್ತು ಹೇಗೆ ಹಾರಿದರೋ, ಕೋಣೆ ದಾಟಿ ಬಂದು ಅವರ ಕೈ ಹಿಡಿದರು. "ದೇವಿ ಪ್ರತ್ಯಕ್ಷ ಆಗೋ ಹಾಳಿ ಐತಿ ಅದು! ಕತ್ತರಿ ಹಾಕ್ತಿಯೇನು? ಒಂದು ಹಾಳಿ ಇದ್ದಿದ್ದು ಸಾಲಾಗ ಐತಿಲ್ಲೋ? ಅದರಾಗ ಏನು ಹಿಂದು ಮುಂದು?"

ಖಾದರಸಾಬರು ನಗುವುದನ್ನು ನೋಡಿದ ಮೇಲೆಯೇ ಅವರು ಕತ್ತರಿಸುವವರಿರಲಿಲ್ಲ ಎಂದು ತಿಳಿದದ್ದು. ಆದರೆ ನನಗೆ ನಗು ಬರಲಿಲ್ಲ. ಇಫ್ ಲೋ ಲೆಸ್ ದ್ಯಾನ್ ಹೈ. ಒಂದಕ್ಕಿಂತ ಹೆಚ್ಚು ಹಾಳೆ ಇದ್ದರೆ ಮಾತ್ರ ಪಾಲು ಮಾಡು, ಒಂದೇ ಉಳಿದರೆ ಸುಮ್ಮನೆ ತಿರುಗಿ ಕೊಡು. ಶ್ರೀಕಾರವಲ್ಲ ಅದು, ನಿಲ್ಲು ಎನ್ನುವ ಮಾತು. ಅದಿಲ್ಲದಿದ್ದರೆ ಆ ಬಡಪಾಯಿ ಕಂಪ್ಯೂಟರು ಒಂದನ್ನು ಅರ್ಧ, ಅರ್ಧವನ್ನು ಅರ್ಧ ಎಂದು ಕತ್ತರಿಸುತ್ತ ಕತ್ತರಿಸುತ್ತ ಉಸಿರುಗಟ್ಟಿ ನಿಲ್ಲುತ್ತಿತ್ತು. ನಾನು ಅದಕ್ಕೆ ವೈರಸ್ ಎಂದು ಹೆಸರಿಟ್ಟು ಮಕ್ಕಳನ್ನು ಬೈಯುತ್ತಿದ್ದೆ.

ಆಮೇಲೆ ಕೂಡಿಸುವ ಕೆಲಸ. ಸಾಲಾಗಿರುವ ಎರಡು ಕಟ್ಟುಗಳನ್ನು ಎದುರಿಗಿಟ್ಟುಕೊಂಡು, ಮೇಲಿನ ಹಾಳೆ ಮಾತ್ರ ನೋಡುವುದು, ಸಣ್ಣ ಅಂಕಿಯದನ್ನು ಎತ್ತಿಕೊಳ್ಳುವುದು. ಒಳಗೆ ಏನಿದೆ ಎಂದು ಇಣುಕುವ ಹಾಗಿಲ್ಲ. ಬಸಯ್ಯನವರು ಇದರಲ್ಲಿ ಎಲ್ಲರಿಗಿಂತ ಚುರುಕು. ಗೆದ್ದಲು ತಿಂದ ಕನ್ನಡ ಅಂಕಿಗಳನ್ನು ಗುರುತಿಸುವವರೂ ಅವರೊಬ್ಬರೇ. ನಡುವೆ ಮಂಡಕ್ಕಿ, ಮಿರ್ಚಿ ಬಂದವು. ಎಣ್ಣೆ ಕೈ ಎಂದು ಖಾದರಸಾಬರ ಹೆಂಡತಿ ಎಲ್ಲರ ಕೈಯನ್ನೂ ಎರಡೆರಡು ಸಲ ತೊಳೆಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಎರಡು ಕಟ್ಟು ಖಾದರಸಾಬರ ಮುಂದೆ ಬಂದು ಒಂದಾದವು. ಬಸಯ್ಯನವರು ಒಂದರಿಂದ ಆರುನೂರಾ ನಲವತ್ತರ ತನಕ ಹೆಬ್ಬೆರಳು ಓಡಿಸಿ ನೋಡಿದರು. ರಾಕ್ಷಸ ಕ್ರಮವಾಗಿ ಹುಟ್ಟಿ, ಮದುವೆಯಾಗಿ, ಆಮೇಲೆ ಸತ್ತಿದ್ದ. ನಾನು ಎದೆ ಉಬ್ಬಿಸಿ, "ನೋಡಿದ್ರ್ಯಾ ಖಾದರಸಾಬ್ರ, ಪದ್ಧತಿ ಅಂದ್ರ ಹ್ಯಾಂಗಿರ್ತೈತಿ!" ಎಂದೆ.

"ಛಲೋ ಐತ್ರಿ ಮೇಡಂ" ಎಂದರು ಅವರು ಸೂಜಿಗೆ ದಾರ ಪೋಣಿಸುತ್ತ. "ನಮ್ಮದು ಸಾದಾ ರೀತಿ. ಒಂದರಿಂದ ನೂರರ ತನಕ ಒಂದು ಗುಂಪು, ನೂರರಿಂದ ಇನ್ನೂರರ ತನಕ ಇನ್ನೊಂದು ಗುಂಪು, ಹಿಂಗ ಹಾಕ್ಕೊಂಡು ಹೊಂಟ್ರ ಒಂದು ತಾಸಿನ್ಯಾಗ ಮುಗೀತೈತಿ. ನೀವು ಬಂದಾಗ ಅದನ್ನ ಸುರು ಮಾಡಾಕ ಹತ್ತಿದ್ವಿ. ಸಾಲಿ ಕಲಿಸೋ ಮಂದಿ, ನಡುವ ಬಾಯಿ ಹಾಕಬಾರ್ದು ಅಂತ ಸುಮ್ನಿದ್ದೆ."

ಶಾಹೀನ ನನ್ನನ್ನು ಬೀಳ್ಕೊಡಲು ರಸ್ತೆಯ ತನಕ ಬಂದಳು. ನನ್ನ ಆಟೋದ ಬಾಯಿಪಾಠ ಮರೆತೇ ಹೋಗಿತ್ತು. "ಸೋಮವಾರದಿಂದ ಬಾ" ಎಂದಷ್ಟೇ ಹೇಳಿದೆ.

"ನನ್ನ ಪ್ರಶ್ನಿ ತಪ್ಪಿತ್ತೇನ್ರಿ ಮೇಡಂ?"

"ಇಲ್ಲ."

"ನಿಮಗ ಉತ್ತರ ಗೊತ್ತಿತ್ತೇನ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಬೆರಳಿನ ತುದಿಗಳು ಇನ್ನೂ ಹಳೆಯ ಹಾಳೆಗಳ ಪುಡಿಯಿಂದ ಹಳದಿಯಾಗಿದ್ದವು. "ಇವತ್ತಿನ ತನಕ ಗೊತ್ತಿರ್ಲಿಲ್ಲವ್ವ" ಎಂದೆ.

"ಹಂಗಂತ ಕ್ಲಾಸಿನ್ಯಾಗ ಹೇಳ್ರಿ. ಅಂಟಿನ ಮಾತು ನೀವು ಎಲ್ಲಾರ ಮುಂದ ಅಂದಿದ್ರಿ. ನಮ್ಮ ಅಬ್ಬಾಗ ನಾ ಹೇಳಿಲ್ಲ. ಹೇಳೂದೂ ಇಲ್ಲ. ಆದ್ರ ನೀವು ಹೇಳಿದ್ರ ಅಷ್ಟ ನಾ ಬರ್ತೀನಿ." ದನಿ ಸಣ್ಣದೇ ಇತ್ತು. ಮಾತು ಮುಗಿಸಿ, ಸಲಾಂ ಹೇಳಿ, ಒಳಗೆ ಹೋದಳು.

ಆ ವರ್ಷದ ಪರೀಕ್ಷೆಯ ಫಲಿತಾಂಶವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹೆಮ್ಮೆಪಡುವಂಥದ್ದು ಏನಿಲ್ಲ. ಬಾಯಿಪಾಠದ ವರ್ಷ ಎಲ್ಲರೂ ಮೊದಲ ದರ್ಜೆ, ತಿಳಿದುಕೊಂಡ ವರ್ಷ ಅರ್ಧಕ್ಕರ್ಧ ಎರಡನೆಯ ದರ್ಜೆ. ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ನೋಟ್ಸಿನಂತೆ ಬರೆಯದ ಪ್ರೋಗ್ರಾಮನ್ನೆಲ್ಲ, ಅದು ನಡೆಯುತ್ತಿದ್ದರೂ, ಅನುಮಾನದಿಂದ ನೋಡಿದರು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಪ್ರಾರ್ಥನಾ ಯಾಕ ಬಿಟ್ರಿ?" ಎಂದು ವ್ಯಥೆಪಟ್ಟರು. ಇಪ್ಪತ್ತರಲ್ಲಿ ಎಷ್ಟು ಪ್ರೋಗ್ರಾಮು ನನಗೆ ನಿಜಕ್ಕೂ ತಿಳಿದಿವೆ ಎಂದು ಮಕ್ಕಳ ಜೊತೆ ಕುಳಿತು ಲೆಕ್ಕ ಹಾಕಿದಾಗ ನಾಲ್ಕು ಸಿಕ್ಕವು. ಎರಡು ಪ್ರೋಗ್ರಾಮಂತೂ ನೋಟ್ಸಿನಲ್ಲೇ ತಪ್ಪಿದ್ದವು, ಬಳ್ಳಾರಿಯಿಂದ ಬರುವಾಗ ದಾರಿಯಲ್ಲಿ ಎಲ್ಲೋ ಒಂದೊಂದು ಸಾಲು ಉದುರಿ. ಶಾಹೀನ ಈಗ ಗಂಗಾವತಿಯ ಒಂದು ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾಳೆ. ಈಗಿನ ಭಾಷೆಗಳಲ್ಲಿ ಸಾರ್ಟ್ ಎಂದು ಒಂದು ಪದ ಬರೆದರೆ ಸಾಕು, ಅದೇ ಸಾಲು ಮಾಡಿಕೊಡುತ್ತದೆ, ಆದರೂ ಮಕ್ಕಳ ಕೈಗೆ ಹಾಳೆ ಕೊಟ್ಟು ನೆಲದ ಮೇಲೆ ಕೂರಿಸುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು.

ಇನ್ನು ಆ ಸೋಮವಾರ. ಯಲಬುರ್ಗಾ ಕಡೆ ಬಸಯ್ಯನವರು ಪುರಾಣ ಬಿಚ್ಚುವ ದಿನ, ಕೊಪ್ಪಳದಲ್ಲಿ ನನ್ನದು. ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ಹದಿನಾಲ್ಕನೇ ಪ್ರೋಗ್ರಾಮನ್ನು ಮೊದಲಿಂದ ಕೊನೆಯ ತನಕ ಬರೆದೆ. ಬರೆಯುವಾಗ ಅವರಿಗೆ ಬೆನ್ನು ತಿರುಗಿಸಿರಬಹುದಲ್ಲ, ಹಾಗಾಗಿ ಬಹಳ ನಿಧಾನವಾಗಿ ಬರೆದೆ. ಬರೆಯಲು ಇನ್ನೇನೂ ಉಳಿಯದಾದಾಗ ತಿರುಗಿದೆ. ಹದಿನೇಳು ಮಂದಿ ಬಾಯಿ ತೆರೆದು, ನಾನು ಹೇಳಿದ್ದನ್ನು ತಿರುಗಿ ಹೇಳಲು ತಯಾರಾಗಿದ್ದರು. ಬಾಗಿಲ ಹೊರಗೆ, ಗೋಡೆಗೆ ಒತ್ತಿ ನಿಂತವಳೊಬ್ಬಳ ದುಪಟ್ಟಾದ ಅಂಚು ಕಾಣುತ್ತಿತ್ತು.

"ಇವತ್ತು ಒಂದು ಮಾತು ಹೇಳಬೇಕು" ಎಂದೆ. ದನಿ ನನ್ನದಾಗಿರಲಿಲ್ಲ. "ಆವತ್ತು ಶಾಹೀನ ಒಂದು ಪ್ರಶ್ನಿ ಕೇಳಿದ್ಲು. ಅದು ಛಲೋ ಪ್ರಶ್ನಿ. ನನಗ ಅದಕ್ಕ ಉತ್ತರ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಬಂದು ಆಕಿಗೆ ಅನಬಾರದ ಮಾತು ಅಂದೆ. ಅಂಟು ಹಚ್ಚೋದು ನನ್ನ ಕೆಲಸಕ್ಕಿಂತ ಕಮ್ಮಿ ಕೆಲಸ ಅಲ್ಲ. ತಪ್ಪು ನಂದು. ಈ ಪ್ರೋಗ್ರಾಮು, ಇದರ ಹಿಂದಿನವು ಭಾಳಷ್ಟು, ನನಗ ಬಾಯಿಪಾಠ ಅಷ್ಟ ಬರ್ತಾವು. ತಿಳದಿಲ್ಲ."

ಹೇಳಿ, ಮೇಜಿನ ಅಂಚು ಹಿಡಿದು ನಿಂತೆ. ಯಾರಾದರೂ ನಗುತ್ತಾರೆ, ಯಾರಾದರೂ ಪ್ರಿನ್ಸಿಪಾಲರ ಕೋಣೆಗೆ ಓಡುತ್ತಾರೆ ಎಂದು ಕಾದೆ. ಕೊನೆಗೆ ಹಿಂದಿನ ಬೆಂಚಿನ ದೊಡ್ಡಬಸವ ಎದ್ದು ನಿಂತ. ಆರಡಿ ಎತ್ತರದ, ಎಂದೂ ಬಾಯಿಬಿಡದ ಹುಡುಗ.

"ನಮಗ ಮೊದಲ ಗೊತ್ತಿತ್ರಿ ಮೇಡಂ."

"ಏನು?"

"ನಿಮಗ ಬರಂಗಿಲ್ಲ ಅಂತ್ರಿ."

"ಯಾವಾಗಿಂದ?"

ಅವನು ಅಕ್ಕಪಕ್ಕದವರ ಮುಖ ನೋಡಿದ. ಅವರು ಹೇಳು ಎಂಬಂತೆ ತಲೆ ಅಲ್ಲಾಡಿಸಿದರು. "ಎರಡನೇ ಪ್ರೋಗ್ರಾಮಿನಿಂದ್ರಿ."

"ಮತ್ತ ಯಾಕೋ ಹೇಳ್ಲಿಲ್ಲ?"

"ನೀವು ಭಾಳ ಕಷ್ಟಪಟ್ಟು ಹೇಳಿಕೊಡ್ತಿದ್ರಿ" ಎಂದ ಅವನು, ನೆಲ ನೋಡುತ್ತ. "ನಿಮಗ ಬ್ಯಾಸರ ಆಗ್ತೈತಿ ಅಂತ ಎಲ್ಲಾರೂ ಮಾತಾಡಿಕೊಂಡು ಬಿಟ್ವಿ."

ಒಂದೂವರೆ ವರ್ಷ ಗಂಟು ಹಾಕಿಕೊಂಡಿದ್ದ ನನ್ನ ಮುಖ ಏನಾಯಿತೋ ನನಗೆ ಕಾಣಲಿಲ್ಲ. ಮುಂದಿನ ಬೆಂಚಿನವರು ಮಾತ್ರ ಅದನ್ನು ನೋಡಿ ಗಾಬರಿಯಾದರು. ಆಗ ಶಾಹೀನ ಒಳಗೆ ಬಂದಳು. ಯಾರ ಕಡೆಗೂ ನೋಡದೆ ನೆಟ್ಟಗೆ ಬೋರ್ಡಿನ ಬಳಿಗೆ ಹೋಗಿ, ಒರೆಸುವ ಬಟ್ಟೆ ಎತ್ತಿಕೊಂಡು, "ಇದನ್ನ ಒರೆಸ್ಲಿರಿ ಮೇಡಂ?" ಎಂದಳು.

"ಒರೆಸು" ಎಂದೆ.

ಅವಳು ಹದಿನಾಲ್ಕನೇ ಪ್ರೋಗ್ರಾಮನ್ನು ಒಂದಕ್ಷರ ಉಳಿಯದಂತೆ ಒರೆಸಿ, ಬರಿದಾದ ಬೋರ್ಡಿನ ಮೇಲೆ ಎಂಟು ಅಂಕಿಗಳನ್ನು ಅಡ್ಡಾದಿಡ್ಡಿ ಬರೆದಳು. ನಾನು ಹೋಗಿ ಎರಡನೇ ಬೆಂಚಿನಲ್ಲಿ, ಖಾಲಿ ಇದ್ದ ಅವಳ ಜಾಗದಲ್ಲಿ ಕುಳಿತೆ. ಪಕ್ಕದ ಹುಡುಗಿ ಸರಿದು ಜಾಗ ಮಾಡಿಕೊಟ್ಟಳು. ಶಾಹೀನ ಅಂಕಿಗಳ ನಡುವೆ ಒಂದು ಗೀಟು ಎಳೆದು, "ಈಗ ಈ ಎಡಗಡೆ ಅರ್ಧಾ ಅಷ್ಟ ನೋಡ್ರಿ, ಬಲಗಡೆದು ಕಾಯ್ತಿರ್ತೈತಿ" ಎಂದು ಶುರುಮಾಡಿದಳು. ಆ ಬಲಗಡೆಯದು ಎಲ್ಲಿ ಕಾಯುತ್ತದೆ, ಎಷ್ಟು ಹೊತ್ತು ಕಾಯುತ್ತದೆ, ಅದನ್ನು ಮರೆಯದಂತೆ ನೋಡಿಕೊಳ್ಳುವವರು ಯಾರು ಎಂಬುದು ನನಗೆ ತಿಳಿಯಲಿಲ್ಲ.

ನಾನು ಕೈ ಎತ್ತಿದೆ.